ರಸಿಕರ ಮಾತಿಗೂ ಬೇಕು ಶ್ರುತಿ–ಲಯ

ಕಛೇರಿಯ ಮಂಗಳ ಮುಗಿದೊಡನೆ ಸಭಾಂಗಣದ ಹೊರಗೆ ಮತ್ತೊಂದು ಕಛೇರಿ ಆರಂಭವಾಗುತ್ತದೆ. ಚಪ್ಪಲಿ ಹುಡುಕುತ್ತ, ಕಾಫಿ ಹೀರುತ್ತ ರಸಿಕರು ತಮ್ಮ ತೀರ್ಪು ನೀಡುತ್ತಾರೆ. ‘ತೋಡಿ ಅದ್ಭುತವಾಗಿತ್ತು’ ಎನ್ನುವವರು ಕೆಲವರು. ‘ಮೃದಂಗದ ಅಬ್ಬರ ಹೆಚ್ಚಾಯಿತು’ ಎನ್ನುವವರು ಇನ್ನು ಕೆಲವರು. ಮನೆ ತಲುಪುವಷ್ಟರಲ್ಲಿ ಆ ಮಾತುಗಳೆಲ್ಲ ಗಾಳಿಗೆ ಸೇರಿಹೋಗಿರುತ್ತವೆ. ಹಾಡಿದವರಿಗೆ ಅವು ತಲುಪುವುದಿಲ್ಲ. ನಾಳೆ ಕೇಳಲು ಬರುವವರಿಗೆ ದಾರಿಯೂ ಆಗುವುದಿಲ್ಲ.

ಸಂಗೀತದ ಕುರಿತ ಇಂತಹ ಮಾತುಗಳನ್ನು ಉಳಿಸಿಕೊಳ್ಳುವುದು ಹೇಗೆ? ಅವುಗಳಿಗೊಂದು ಕ್ರಮ ತರುವುದು ಹೇಗೆ? ಈ ಪ್ರಶ್ನೆಗೆ ಭಾರತದಲ್ಲಿ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದು ಕಲಿಸುವ ಮೊದಲ ಪಾಠ ಸರಳವಾದದ್ದು. ಅಭಿಪ್ರಾಯ, ವಿಮರ್ಶೆ, ಚರ್ಚೆ ಈ ಮೂರೂ ಒಂದೇ ಅಲ್ಲ. ಅಭಿಪ್ರಾಯ ಕೇಳುಗನ ಹಕ್ಕು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ವಿಮರ್ಶೆಗೆ ಕಾರಣ ಬೇಕು. ಚರ್ಚೆಗೆ ಕಾರಣದ ಜೊತೆಗೆ ಎದುರುತ್ತರಕ್ಕೂ ಅವಕಾಶ ಬೇಕು.

ಹೆಸರು ಒಂದು, ರಾಗ ಬೇರೆ

ಮಾತು ಆರಂಭಿಸುವ ಮುನ್ನ ಯಾವುದರ ಬಗ್ಗೆ ಮಾತು ಎಂಬುದು ಸ್ಪಷ್ಟವಾಗಬೇಕು. ಹಿಂದೂಸ್ತಾನಿ ಹಾಗೂ ಕರ್ನಾಟಕ ಎರಡೂ ಪದ್ಧತಿಗಳು ಬೇರೂರಿರುವ ಕರ್ನಾಟಕದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮೈಸೂರಿನ ರಸಿಕ ಹೇಳುವ ತೋಡಿಯೂ ಧಾರವಾಡದ ರಸಿಕ ಹೇಳುವ ತೋಡಿಯೂ ಬೇರೆ ಬೇರೆ. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹತ್ತಿರ. ಹಿಂದೂಸ್ತಾನಿ ತೋಡಿಯ ಸ್ವರಗಳಾದರೋ ದಕ್ಷಿಣದ ಶುಭಪಂತುವರಾಳಿಗೆ ಸಮೀಪ. ದಕ್ಷಿಣದ ಹಿಂದೋಳಕ್ಕೆ ಉತ್ತರದಲ್ಲಿ ಸರಿಹೊಂದುವುದು ಮಾಲಕೌಂಸ್. ಅಲ್ಲಿನ ಹಿಂಡೋಲ್ ತೀವ್ರ ಮಧ್ಯಮವುಳ್ಳ ಬೇರೆಯೇ ರಾಗ. ಪದ್ಧತಿ ಯಾವುದೆಂದು ಹೇಳದೆ ವಾದಕ್ಕೆ ಇಳಿದರೆ ಇಬ್ಬರೂ ಸರಿಯಾಗಿದ್ದೂ ಜಗಳ ಮುಗಿಯುವುದಿಲ್ಲ.

ಬರೋಡಾದಲ್ಲಿ ಮೊದಲ ಹೆಜ್ಜೆ

ಇಂತಹ ಗೊಂದಲಗಳನ್ನು ಬಹಿರಂಗ ಚರ್ಚೆಗೆ ತಂದವರಲ್ಲಿ ಅಗ್ರಗಣ್ಯರು ವಿಷ್ಣು ನಾರಾಯಣ ಭಾತಖಂಡೆ (1860–1936). ವಕೀಲಿ ವೃತ್ತಿಯ ಹಿನ್ನೆಲೆಯ ಅವರು ದೇಶ ಸುತ್ತಿ ಉಸ್ತಾದರು ಹಾಗೂ ಪಂಡಿತರನ್ನು ಕಂಡರು. 1904ರಲ್ಲಿ ದಕ್ಷಿಣಕ್ಕೂ ಬಂದು ಇಲ್ಲಿನ ಮೇಳ ಪದ್ಧತಿಯನ್ನು ಅರಿತರು. ಮುಂದೆ ಹಿಂದೂಸ್ತಾನಿ ರಾಗಗಳನ್ನು ಅವರು 10 ಥಾಟ್‌ಗಳಲ್ಲಿ ವಿಂಗಡಿಸಿದ್ದರ ಹಿಂದೆ 72 ಮೇಳಕರ್ತಗಳ ಪ್ರಭಾವವಿದೆ.

1916ರಲ್ಲಿ ಬರೋಡಾದಲ್ಲಿ ಅವರ ಮುಂದಾಳತ್ವದಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ನಡೆಯಿತು. ಬಳಿಕ ದೆಹಲಿ, ವಾರಾಣಸಿ, ಲಖನೌಗಳಲ್ಲಿ ಪರಿಷತ್ತುಗಳು ಸೇರಿದವು. ಗುರು–ಶಿಷ್ಯರ ನಡುವೆ ಗುಟ್ಟಾಗಿದ್ದ ರಾಗಲಕ್ಷಣಗಳು ಸಭೆಯ ಮುಂದೆ ಬಂದದ್ದು ಅಂದಿಗೆ ದೊಡ್ಡ ಬದಲಾವಣೆಯೇ ಸರಿ. ಭಾತಖಂಡೆ ಅವರು ಮರಾಠಿಯಲ್ಲಿ ಬರೆದ ‘ಹಿಂದೂಸ್ತಾನಿ ಸಂಗೀತ ಪದ್ಧತಿ’ ಗ್ರಂಥವೂ ಗುರು–ಶಿಷ್ಯರ ಪ್ರಶ್ನೋತ್ತರ ರೂಪದಲ್ಲಿಯೇ ಇದೆ. ಶಾಸ್ತ್ರವನ್ನು ತೀರ್ಪಿನಂತೆ ಸಾರುವ ಬದಲು ಸಂವಾದವಾಗಿ ಮುಂದಿಟ್ಟದ್ದು ಗಮನಾರ್ಹ.

ಹಾಗೆಂದು ಎಲ್ಲರೂ ಒಪ್ಪಿದರು ಎನ್ನುವಂತಿಲ್ಲ. ಹತ್ತೇ ಥಾಟ್‌ಗಳಲ್ಲಿ ಎಲ್ಲ ರಾಗಗಳೂ ಅಡಗವು ಎಂಬ ಆಕ್ಷೇಪ ಇಂದಿಗೂ ಇದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910–1992) ಮೆರೆಸಿದ ಜೈಪುರ–ಅತ್ರೌಲಿ ಘರಾನೆಯ ಜೋಡುರಾಗಗಳನ್ನು ಕೇಳಿದವರಿಗೆ ಆ ಆಕ್ಷೇಪದ ತಿರುಳು ತಿಳಿಯುತ್ತದೆ. ಎರಡು ರಾಗಗಳು ಬೆರೆತಾಗ ಒಂದೇ ಥಾಟ್‌ನ ಚೌಕಟ್ಟು ಸಾಲದೆಹೋಗಬಹುದು. ಆದರೆ ವಿಂಗಡಣೆ ಬರಹದಲ್ಲಿ ಇದ್ದುದರಿಂದಲೇ ಅದನ್ನು ಪ್ರಶ್ನಿಸುವುದೂ ಸಾಧ್ಯವಾಯಿತು.

ಮದರಾಸಿನ ಬೆಳಗಿನ ಸಭೆ

1927ರ ಡಿಸೆಂಬರ್‌ನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದೊಂದಿಗೆ ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಕಾಡೆಮಿಯ ವಾರ್ಷಿಕ ಸಮ್ಮೇಳನದ ಸಂಜೆಗಳು ಕಛೇರಿಗೆ ಮೀಸಲಾದರೆ, ಬೆಳಗಿನ ಹೊತ್ತು ವಿದ್ವತ್ ಸಭೆಗೆ ಮೀಸಲು. ವಿದ್ವಾಂಸರು ಹಾಡಿ ತೋರಿಸುತ್ತಾರೆ, ಪ್ರಬಂಧ ಮಂಡಿಸುತ್ತಾರೆ, ಉಳಿದವರು ಪ್ರಶ್ನಿಸುತ್ತಾರೆ. 1930ರಲ್ಲಿ ಆರಂಭವಾದ ಅಕಾಡೆಮಿಯ ಜರ್ನಲ್ ಸಮ್ಮೇಳನದ ನಡಾವಳಿಗಳನ್ನೂ ಅಚ್ಚುಮಾಡುತ್ತ ಬಂದಿತು. ಯಾರು ಯಾವ ಪಾಠಾಂತರವನ್ನು ಎತ್ತಿಹಿಡಿದರು ಎಂಬುದನ್ನು ಇಂದಿನ ವಿದ್ಯಾರ್ಥಿ ಹುಡುಕಬಲ್ಲನಾದರೆ ಅದಕ್ಕೆ ಇಂತಹ ದಾಖಲೆಗಳೇ ಕಾರಣ.

ಸಮ್ಮೇಳನದ ಅಧ್ಯಕ್ಷರು ಸ್ವತಃ ಕಲಾವಿದರಾಗಿರುವುದು ವಾಡಿಕೆ. 1935ರಲ್ಲಿ ಆ ಪೀಠವನ್ನು ಅಲಂಕರಿಸಿದವರು ಮೈಸೂರು ವಾಸುದೇವಾಚಾರ್ಯರು. ಅವರು ಕನ್ನಡದಲ್ಲಿ ಬರೆದ ‘ನಾ ಕಂಡ ಕಲಾವಿದರು’ ಕೃತಿ, ಒಬ್ಬ ವಿದ್ವಾಂಸ ಇತರ ವಿದ್ವಾಂಸರನ್ನು ಕುರಿತು ಬರೆಯುವುದು ಹೇಗೆಂಬುದಕ್ಕೆ ಉತ್ತಮ ನಿದರ್ಶನ.

ಈ ವ್ಯವಸ್ಥೆಗೂ ಮಿತಿಗಳಿದ್ದವು. ಮಹಿಳೆಯೊಬ್ಬರು ಆ ಪೀಠವೇರಲು 1968ರವರೆಗೆ ಕಾಯಬೇಕಾಯಿತು, ಎಂ.ಎಸ್. ಸುಬ್ಬುಲಕ್ಷ್ಮಿ ಆ ಗೌರವ ಪಡೆದ ಮೊದಲಿಗರು. ಚರ್ಚೆ ಎಷ್ಟೇ ಶಿಸ್ತಿನದಾದರೂ ಮಾತನಾಡಲು ಯಾರಿಗೆ ಅವಕಾಶ ದೊರೆಯುತ್ತದೆ ಎಂಬುದು ಅದರ ತೂಕವನ್ನು ನಿರ್ಧರಿಸುತ್ತದೆ.

ವಿಮರ್ಶಕನ ಹೊಣೆ

ಸಭೆಯ ಚರ್ಚೆ ವಿದ್ವಾಂಸರದಾದರೆ, ಪತ್ರಿಕೆಯ ವಿಮರ್ಶೆ ಎಲ್ಲರದು. 1930ರ ದಶಕದಲ್ಲಿ ತಮಿಳಿನ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಕಲ್ಕಿ ಕೃಷ್ಣಮೂರ್ತಿ ಅವರು ‘ಕರ್ನಾಟಕಂ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಂಗೀತ ವಿಮರ್ಶೆಗಳು ಸಾಮಾನ್ಯ ಓದುಗರನ್ನೂ ಕಛೇರಿಯತ್ತ ಸೆಳೆದವು. ಹೇಗೆ ಹಾಡಿದರು ಎಂಬುದರ ಜೊತೆಗೆ, ಕೇಳುಗರ ಭಾಷೆಯಲ್ಲಿ ಏಕೆ ಹಾಡುವುದಿಲ್ಲ ಎಂಬ ಪ್ರಶ್ನೆಯನ್ನೂ ಅವರು ಎತ್ತಿದರು. ದೇವರನಾಮಗಳು ಕಛೇರಿಯ ಕೊನೆಯ ಹದಿನೈದು ನಿಮಿಷಕ್ಕೆ ಸೀಮಿತವಾಗುವುದನ್ನು ಕಂಡು ಬೇಸರಗೊಂಡಿರುವ ಕನ್ನಡಿಗರಿಗೆ ಆ ಪ್ರಶ್ನೆ ಅಪರಿಚಿತವೇನಲ್ಲ.

ದೆಹಲಿಯಲ್ಲಿ ನೆಲೆಸಿ ‘ದಿ ಸ್ಟೇಟ್ಸ್‌ಮನ್’ಗೆ ಬರೆಯುತ್ತಿದ್ದ ‘ಸುಬ್ಬುಡು’ (ಪಿ.ವಿ. ಸುಬ್ರಮಣಿಯಂ, 1917–2007) ಅವರದು ಇನ್ನೊಂದು ಬಗೆ. ಅವರ ಮೊನಚು ಮಾತಿಗೆ ಹೆದರುವ ಕಲಾವಿದರಿದ್ದರು, ಅದಕ್ಕಾಗಿಯೇ ಕಾದು ಓದುವವರೂ ಇದ್ದರು. ಆದರೆ ಚುಚ್ಚುಮಾತು ಓದುಗನನ್ನು ರಂಜಿಸಿದಷ್ಟು ಸುಲಭವಾಗಿ ಯುವ ಕಲಾವಿದನ ಮುಂದಿನ ಅವಕಾಶವನ್ನೂ ಕಸಿಯಬಲ್ಲದು. ಬರೀ ಹೊಗಳಿಕೆಯೂ ಅಷ್ಟೇ ಅಪಾಯಕಾರಿ; ತಿದ್ದಿಕೊಳ್ಳಬೇಕಾದುದು ಏನೆಂಬುದು ಆತನಿಗೆ ತಿಳಿಯುವುದೇ ಇಲ್ಲ.

ಒಳ್ಳೆಯ ವಿಮರ್ಶೆ ಕೆಲವು ಸಂಗತಿಗಳನ್ನು ತಪ್ಪದೆ ದಾಖಲಿಸುತ್ತದೆ. ಸ್ಥಳ, ದಿನಾಂಕ, ಪಕ್ಕವಾದ್ಯದವರ ಹೆಸರು, ಹಾಡಿದ ಕೃತಿ, ಅದರ ರಾಗ–ತಾಳ ಇವು ಅಡಿಪಾಯ. ‘ಆಲಾಪನೆ ಸಪ್ಪೆಯಾಗಿತ್ತು’ ಎಂದರೆ ಸಾಲದು. ಮಂದ್ರದಲ್ಲಿ ನಿಲ್ಲದೆ ತಾರಕ್ಕೆ ಧಾವಿಸಿದ್ದರಿಂದಲೋ, ಒಂದೇ ಸಂಚಾರ ಮರುಕಳಿಸಿದ್ದರಿಂದಲೋ ಎಂಬುದನ್ನು ತಿಳಿಸಬೇಕು. ಧ್ವನಿವರ್ಧಕದ ದೋಷವನ್ನು ಗಾಯಕರ ತಲೆಗೆ ಕಟ್ಟಬಾರದು. ವ್ಯಕ್ತಿಯನ್ನು ಬಿಟ್ಟು ಸಂಗೀತವನ್ನು ಹಿಡಿಯಬೇಕು.

ಇಂದು ಪತ್ರಿಕೆಗಳಲ್ಲಿ ಕಛೇರಿ ವಿಮರ್ಶೆಗೆ ಸಿಗುವ ಜಾಗ ಕಿರಿದಾಗಿದೆ. ಆದರೆ ಧ್ವನಿಮುದ್ರಣಗಳು ಕೈಗೆಟಕುವುದರಿಂದ ವಿಮರ್ಶಕನ ಮಾತನ್ನು ಕೇಳುಗನೇ ಪರೀಕ್ಷಿಸಬಲ್ಲ. ಹೀಗಾಗಿ ಬರೆಯುವವರ ಹೊಣೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ರಾಗದ ಪ್ರಶ್ನೆಗಳು ಕೈಯೆತ್ತಿಸಿ ಲೆಕ್ಕಹಾಕುವುದರಿಂದ ಬಗೆಹರಿಯವು. ಬರೋಡಾದ ಪರಿಷತ್ತೂ ಮದರಾಸಿನ ಸಭೆಯೂ ಎಲ್ಲ ಭಿನ್ನಮತಗಳನ್ನು ಅಳಿಸಲಿಲ್ಲ. ಮತ್ತೊಬ್ಬರು ಓದಿ ಉತ್ತರಿಸುವಂತೆ ಅವುಗಳನ್ನು ಉಳಿಸಿದವು. ಕಛೇರಿಯಿಂದ ಹೊರಬರುವ ರಸಿಕ ಅಂದು ಕೇಳಿದ್ದನ್ನು, ಮೆಚ್ಚಿದ್ದನ್ನು, ಅದಕ್ಕೆ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟರೂ ಆ ಪರಂಪರೆ ಮುಂದುವರಿದಂತೆಯೇ.