ನಾದವಿಲ್ಲದ ಕೀಲಿಮಣೆ

ಮನೆಗೆ ಹೊಸದಾಗಿ ತಂದ ಕೀಲಿಮಣೆಯೊಂದನ್ನು ಮಕ್ಕಳು ಮೇಜಿನ ಮೇಲಿರಿಸಿ ಒತ್ತುತ್ತಾರೆ, ನಾದ ಹೊರಡುವುದಿಲ್ಲ. ವಾದ್ಯ ಕೆಟ್ಟಿದೆಯೆಂದು ಹಿರಿಯರು ಅದನ್ನು ಅಂಗಡಿಗೆ ಮರಳಿಸಲು ಸಿದ್ಧರಾಗುತ್ತಾರೆ. ವಾಸ್ತವವಾಗಿ ಅದರಲ್ಲಿ ದೋಷವೇನೂ ಇಲ್ಲ. ‘ಮಿಡಿ ಕಂಟ್ರೋಲರ್’ ಎಂಬ ಈ ಸಾಧನವು ನೋಟಕ್ಕೆ ಹಾರ್ಮೋನಿಯಮ್ಮಿನ ಬಂಧುವಾದರೂ ಸ್ವಭಾವದಿಂದ ಬೇರೆಯಾದುದು. ಹಾರ್ಮೋನಿಯಮ್ಮಿನ ಒಡಲಲ್ಲಿ ತಿದಿಯೂ ರೀಡುಗಳೂ ಇರುತ್ತವೆ. ಇದರ ಒಡಲಲ್ಲಿ ನಾದದ ಮೂಲವೇ ಇಲ್ಲ. ಇದು ಕೇವಲ ದೂತ. ಬೆರಳಿನ ಸಂದೇಶವನ್ನು ಗಣಕಯಂತ್ರಕ್ಕೆ ಮುಟ್ಟಿಸುವುದಷ್ಟೇ ಇದರ ಕಾರ್ಯ.

ಆ ಸಂದೇಶವಾದರೂ ಎಂತಹುದು? ಯಾವ ಕೀಲಿಯನ್ನು ಒತ್ತಲಾಯಿತು, ಎಷ್ಟು ವೇಗದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು, ಇಷ್ಟೇ. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಪಿಯಾನೋದ ನಡುವಣ ‘ಸಿ’ ಸ್ವರಕ್ಕೆ 60. ಒತ್ತಿದ ವೇಗವನ್ನೂ 127ರವರೆಗಿನ ಅಂಕಿಯಿಂದಲೇ ಸೂಚಿಸಲಾಗುತ್ತದೆ. ಗಣಕದಲ್ಲಿರುವ ಸಂಗೀತ ತಂತ್ರಾಂಶವು ಈ ಅಂಕಿಗಳನ್ನು ಓದಿ, ನಾವು ಆಯ್ದ ಕೊಳಲಿನ ಅಥವಾ ಸಿತಾರಿನ ಧ್ವನಿಯನ್ನು ಹೊರಡಿಸುತ್ತದೆ. ಆದುದರಿಂದಲೇ ನಿನ್ನೆ ಕೊಳಲಾಗಿ ನುಡಿಸಿದುದನ್ನು ಇಂದು ಸಾರಂಗಿಯಾಗಿ ಕೇಳಬಹುದು; ತಪ್ಪಿದ ಒಂದೇ ಸ್ವರವನ್ನು ಪರದೆಯ ಮೇಲೆ ತಿದ್ದಬಹುದು.

ವೀಣೆಯನ್ನು ಮಿಡಿಯುವ ನಮ್ಮ ಕನ್ನಡದ ‘ಮಿಡಿ’ಗೂ ಇದಕ್ಕೂ ಸಂಬಂಧವಿಲ್ಲ. ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಆಂಗ್ಲ ಪದಗಳ ಮೊದಲಕ್ಷರಗಳಿಂದ ಈ ಹೆಸರಾಯಿತು. ಒಂದು ಕಂಪನಿಯ ವಿದ್ಯುನ್ಮಾನ ವಾದ್ಯವು ಮತ್ತೊಂದರ ಭಾಷೆಯನ್ನು ಅರಿಯದಿದ್ದ ಕಾಲದಲ್ಲಿ, ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ, ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಮೊದಲಾದವರು ಸಮಾನ ಭಾಷೆಯೊಂದನ್ನು ರೂಪಿಸಿದರು. 1983ರ ಜನವರಿಯಲ್ಲಿ ಈ ಎರಡು ಸಂಸ್ಥೆಗಳ ವಾದ್ಯಗಳನ್ನು ಜೋಡಿಸಿ ಬಹಿರಂಗವಾಗಿ ತೋರಿಸಲಾಯಿತು. ಶ್ಲಾಘನೀಯ ಸಂಗತಿಯೆಂದರೆ, ಈ ಭಾಷೆಯನ್ನು ಬಳಸುವವರು ಶುಲ್ಕ ತೆರಬೇಕೆಂದು ಅವರು ವಿಧಿಸಲಿಲ್ಲ. ಅದಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು.

ಮನೆಯಲ್ಲಿ ಕಲಿಯುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. 25 ಕೀಲಿಗಳ ಮಣೆಯಲ್ಲಿ ಎರಡೇ ಸಪ್ತಕಗಳಿರುತ್ತವೆ. ಎರಡೂ ಕೈಗಳಿಂದ ನುಡಿಸುವವರಿಗೆ 49 ಅಥವಾ 61 ಕೀಲಿಗಳು ಅನುಕೂಲ. ಯುಎಸ್‌ಬಿ ತಂತಿಯೊಂದರಿಂದಲೇ ಜೋಡಣೆ ಮುಗಿಯುತ್ತದೆ. ಆಪಲ್ ಗಣಕಗಳಿಗೆ ಗ್ಯಾರೇಜ್‌ಬ್ಯಾಂಡ್, ವಿಂಡೋಸ್ ಮತ್ತು ಲಿನಕ್ಸ್ ಗಣಕಗಳಿಗೆ ಎಲ್‌ಎಂಎಂಎಸ್ ಉಚಿತವಾಗಿ ದೊರೆಯುತ್ತವೆ. ಕೀಲಿಯನ್ನು ಒತ್ತಿದ ಬಳಿಕ ಧ್ವನಿ ತಡವಾಗಿ ಬಂದರೆ ತಂತ್ರಾಂಶದ ‘ಬಫರ್’ ಪ್ರಮಾಣವನ್ನು ತಗ್ಗಿಸಬೇಕು. ಸೆಕೆಂಡಿಗೆ 44,100 ಮಾದರಿಗಳ ವ್ಯವಸ್ಥೆಯಲ್ಲಿ 1024ರ ಬಫರ್ ಒಂದೇ ಸುಮಾರು 23 ಮಿಲಿಸೆಕೆಂಡುಗಳ ವಿಳಂಬವನ್ನು ತರುತ್ತದೆ; 128ಕ್ಕೆ ಇಳಿಸಿದರೆ ಅದು ಮೂರಕ್ಕೆ ಇಳಿಯುತ್ತದೆ. ಬ್ಲೂಟೂತ್ ಹೆಡ್‌ಫೋನಿಗಿಂತ ತಂತಿಯದೇ ಲೇಸು.

ಇನ್ನು ಮುಖ್ಯ ವಿಚಾರ. ಇಲ್ಲಿ ನಮ್ಮ ಸಂಗೀತಕ್ಕೆ ಹಳೆಯದೊಂದು ಪ್ರಶ್ನೆ ಮತ್ತೆ ಎದುರಾಗುತ್ತದೆ. ಹಾರ್ಮೋನಿಯಮ್ಮಿನ ಸ್ವರಗಳು ಸ್ಥಿರವಾದುವು, ಅದರಲ್ಲಿ ಮೀಂಡ್ ಹೊರಡದು ಎಂಬ ಆಕ್ಷೇಪಗಳು ಪ್ರಬಲವಾಗಿದ್ದ ಕಾಲದಲ್ಲಿ, 1940ರಲ್ಲಿ ಆಕಾಶವಾಣಿಯು ಅದನ್ನು ನಿಷೇಧಿಸಿತು. 1971ರವರೆಗೂ ಆ ನಿಷೇಧ ಸಡಿಲಲಿಲ್ಲ. ಮಿಡಿ ಕೀಲಿಮಣೆಗೂ ಇದೇ ಮಿತಿಯುಂಟು. ತಂಬೂರಿಯ ಷಡ್ಜದೊಡನೆ 5:4ರ ಅನುಪಾತದಲ್ಲಿ ಲೀನವಾಗುವ ಶುದ್ಧ ಗಾಂಧಾರಕ್ಕಿಂತ ಕೀಲಿಮಣೆಯ ಸಮವಿಭಜಿತ ಗಾಂಧಾರವು ತುಸು ಏರಿರುತ್ತದೆ. ಅಕ್ಕಪಕ್ಕದ ಎರಡು ಕೀಲಿಗಳ ಅಂತರವನ್ನು ನೂರು ಭಾಗ ಮಾಡಿದರೆ, ಈ ಏರಿಕೆ ಸುಮಾರು 14 ಭಾಗ. ಅಲ್ಪವೆನಿಸಿದರೂ ಪಳಗಿದ ಕಿವಿಗೆ ಇದು ತಿಳಿಯದಿರದು.

ಆದರೆ ಹಾರ್ಮೋನಿಯಮ್ಮಿಗಿಲ್ಲದ ಪರಿಹಾರಗಳು ಇಲ್ಲಿವೆ. ಅನೇಕ ಕೀಲಿಮಣೆಗಳ ಎಡಭಾಗದಲ್ಲಿರುವ ‘ಪಿಚ್ ಬೆಂಡ್’ ಚಕ್ರವು ಸ್ವರವನ್ನು 16,384 ಸೂಕ್ಷ್ಮ ಹಂತಗಳಲ್ಲಿ ಏರಿಳಿಸಬಲ್ಲದು. ಬಲಗೈ ನುಡಿಸುತ್ತಿರಲು ಎಡಗೈ ಚಕ್ರವನ್ನು ತಿರುಗಿಸಿದರೆ ಮೀಂಡಿನ ಛಾಯೆ ಮೂಡುತ್ತದೆ. ಕೆಲವು ತಂತ್ರಾಂಶಗಳಲ್ಲಿ ಹನ್ನೆರಡು ಸ್ವರಗಳನ್ನೂ ಬೇರೆಬೇರೆಯಾಗಿ ಶ್ರುತಿಗೊಳಿಸುವ ಸೌಲಭ್ಯವೂ ಉಂಟು. ಎಷ್ಟು ಬಾಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಂತ್ರ ಹೇಳಿಕೊಡದು.

ಅಪಾಯವಿರುವುದು ಮತ್ತೊಂದು ಗುಂಡಿಯಲ್ಲಿ. ‘ಕ್ವಾಂಟೈಸ್’ ಎಂಬ ಆದೇಶವು ನುಡಿಸಿದ ಪ್ರತಿಯೊಂದು ಸ್ವರವನ್ನೂ ತಾಳದ ಸಮೀಪದ ಗೆರೆಗೆ ಎಳೆದು ನಿಲ್ಲಿಸುತ್ತದೆ. ಮದ್ದಳೆಯ ಪೆಟ್ಟಿಗೆ ಇದು ಒಪ್ಪಬಹುದು. ಆದರೆ ಲಯವನ್ನು ತುಸು ಹಿಂದಿಕ್ಕಿ, ತುಸು ಕಾಯಿಸಿ ಹಾಡುವ ಆಲಾಪಕ್ಕೆ ಇದನ್ನು ಪ್ರಯೋಗಿಸಿದರೆ ಉಸಿರೇ ನಿಂತಂತಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ತಪ್ಪುಗಳನ್ನೆಲ್ಲ ಯಂತ್ರವೇ ಅಳಿಸುತ್ತಿರಲು ಮಗುವಿಗೆ ತನ್ನ ತಪ್ಪು ಕೇಳಿಸುವುದೇ ಇಲ್ಲ. ಕೇಳಿಸದ ತಪ್ಪು ತಿದ್ದಲ್ಪಡುವುದೂ ಇಲ್ಲ.

ಆದುದರಿಂದ ತಂದೆತಾಯಿಗಳು ಈ ಸಾಧನವನ್ನು ದೂರವಿರಿಸಬೇಕಾಗಿಲ್ಲ. ಕ್ರಮವನ್ನು ಮಾತ್ರ ಹಾಕಿಕೊಡಬೇಕು. ಮೊದಲು ತಂಬೂರಿಯ ಶ್ರುತಿಯಿಟ್ಟು ಮಗು ಕಂಠದಿಂದ ಹಾಡಲಿ. ಬಳಿಕ ಹಾಡಿದುದನ್ನು ಕೀಲಿಗಳಲ್ಲಿ ಅರಸಲಿ. ತಿದ್ದುವ ಮುನ್ನ ಮೂಲ ಮುದ್ರಣದ ಪ್ರತಿಯೊಂದನ್ನು ಹಾಗೆಯೇ ಉಳಿಸಿಕೊಂಡು ವಾರಕ್ಕೊಮ್ಮೆ ಕೇಳಲಿ. ಕಳೆದ ವಾರದ ಎಡವು ಈ ವಾರ ಇಲ್ಲವೆಂದು ತನ್ನ ಕಿವಿಯಿಂದಲೇ ಅರಿತ ದಿನ, ಆ ಮೂಕ ಕೀಲಿಮಣೆಗೆ ತೆತ್ತ ಹಣ ಸಾರ್ಥಕವಾಯಿತೆಂದು ತಿಳಿಯಬಹುದು.