ಪ್ರಯಾಣದ ಅವಧಿಗೂ ಒಂದು ಖಾತೆ ಇರಲಿ

ಮಾರ್ಚ್ 31 ಸಮೀಪಿಸಿದಂತೆ ನಾವು ಗೋದಾಮಿನ ದಾಸ್ತಾನನ್ನು ಎಣಿಸುತ್ತೇವೆ, ಡೀಸೆಲ್ ಬಿಲ್ಲುಗಳನ್ನು ಕೂಡುತ್ತೇವೆ, ಚಾಲಕನ ಭತ್ಯೆಗೂ ವೋಚರ್ ಇರಿಸುತ್ತೇವೆ. ಆದರೆ ಹೆಬ್ಬಾಳದಲ್ಲಿ ಸರಕು ಸಮೇತ ನಿಂತ ವಾಹನದ ಒಂದು ಗಂಟೆಗೆ ನಮ್ಮ ಯಾವ ಪುಸ್ತಕದಲ್ಲಿಯೂ ಸ್ಥಾನವಿಲ್ಲ.

ಯಲಹಂಕದ ನನ್ನ ಕಕ್ಷಿದಾರರೊಬ್ಬರು ಬಿಡಿಭಾಗಗಳ ತಯಾರಕರು. ಸರಕು ತಡವಾಗಿ ತಲುಪಿದ್ದಕ್ಕೆ ಖರೀದಿದಾರರು ಕಡಿತ ಮಾಡಿದ ಮೊತ್ತವನ್ನು ಅವರು ‘ಇತರೆ ವೆಚ್ಚ’ ಎಂದು ತೋರಿಸಿದ್ದರು. ವಿಚಾರಿಸಿದಾಗ, “ಟ್ರಾಫಿಕ್ ಸಾರ್” ಎಂದರು. ಎಷ್ಟು ದಿನ, ಎಲ್ಲಿ, ಎಷ್ಟು ನಿಮಿಷ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ನಗರದ ಲೆಕ್ಕ

ನೆದರ್ಲೆಂಡ್ಸ್‌ನ ಟಾಮ್‌ಟಾಮ್ ಸಂಸ್ಥೆ ವಿಶ್ವದ ನಗರಗಳ ಪ್ರಯಾಣದ ಅವಧಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ. ಅದರ 2019ರ ಪಟ್ಟಿಯಲ್ಲಿ ಬೆಂಗಳೂರು ಶೇಕಡಾ 71ರ ದಟ್ಟಣೆಯೊಂದಿಗೆ ಮೊದಲ ಸ್ಥಾನದಲ್ಲಿತ್ತು. ಅಂದರೆ ರಸ್ತೆ ಖಾಲಿಯಿರುವಾಗ 30 ನಿಮಿಷ ಹಿಡಿಯುವ ದಾರಿಗೆ ಸರಾಸರಿ 51 ನಿಮಿಷ ಬೇಕಾಗುತ್ತಿತ್ತು. 2024ರಲ್ಲಿ 10 ಕಿ.ಮೀ. ಕ್ರಮಿಸಲು ಇಲ್ಲಿ ಸರಾಸರಿ 34 ನಿಮಿಷ 10 ಸೆಕೆಂಡು ತಗುಲಿತೆಂದು ಅದೇ ಸಂಸ್ಥೆ ತಿಳಿಸಿತು.

ಇವು ಇಡೀ ನಗರದ ಅಂಕಿಗಳು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಿಂದ ಹೊರಟ ತುಂಬಿದ ಲಾರಿಯ ಸ್ಥಿತಿಯನ್ನು ಅವು ಹೇಳಲಾರವು. ದೊಡ್ಡ ವಾಹನಗಳಿಗೆ ಸಮಯ ನಿರ್ಬಂಧವಿರುವ ರಸ್ತೆಗಳೂ ಇವೆ. ಆ ಲೆಕ್ಕವನ್ನು ನಾವೇ ಇಡಬೇಕು.

ಸರಾಸರಿಯ ಮಿತಿ

ಉದಾಹರಣೆಗೆ ಎರಡು ಮಾರ್ಗಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ಪ್ರತಿದಿನ 60 ನಿಮಿಷ. ಎರಡನೆಯದರಲ್ಲಿ ಒಂಬತ್ತು ದಿನ 45 ನಿಮಿಷ, ಹತ್ತನೆಯ ದಿನ 110 ನಿಮಿಷ. ಎರಡನೆಯದರ ಸರಾಸರಿ 51.5 ನಿಮಿಷವಾದ್ದರಿಂದ ಅದೇ ಲಾಭಕರವೆಂದು ತೋರುತ್ತದೆ. ಆದರೆ ಒಂದು ದಿನವೂ ತಡವಾಗಬಾರದೆಂಬ ಕರಾರು ಇದ್ದರೆ, ಆ ಮಾರ್ಗದಲ್ಲಿ ಪ್ರತಿದಿನವೂ 110 ನಿಮಿಷ ಮುಂಚಿತವಾಗಿಯೇ ಹೊರಡಬೇಕು. ವಾಹನ ಮತ್ತು ಚಾಲಕನ ವೆಚ್ಚ ಬೀಳುವುದು ಈ 110 ನಿಮಿಷಗಳ ಮೇಲೆ. ಆದ್ದರಿಂದ ಸರಾಸರಿಯ ಜೊತೆಗೆ ಕೆಟ್ಟ ದಿನದ ಅವಧಿಯನ್ನೂ ದಾಖಲಿಸುವುದು ಅವಶ್ಯಕ.

ಅಳೆಯುವ ಬಗೆ

ಹಿಂದೆ ಎರಡು ಸ್ಥಳಗಳಲ್ಲಿ ಜನರು ನಿಂತು ವಾಹನಗಳ ನಂಬರುಗಳನ್ನು ಬರೆದುಕೊಂಡು ಹೋಲಿಸುತ್ತಿದ್ದರು. ಇಂದು ಕ್ಯಾಮೆರಾ, ಜಿ.ಪಿ.ಎಸ್. ಹಾಗೂ ಮೊಬೈಲ್ ಫೋನುಗಳು ಆ ಕೆಲಸ ಮಾಡುತ್ತವೆ. ಸಣ್ಣ ಉದ್ಯಮಿಗೆ ಇಷ್ಟೂ ಬೇಕಿಲ್ಲ. ಡೆಲಿವರಿ ಚಲನ್‌ನ ಹಿಂಬದಿಯಲ್ಲಿ ನಾಲ್ಕು ಅಂಶಗಳು ಸಾಕು: ಹೊರಟ ವೇಳೆ, ಹೆಬ್ಬಾಳ ದಾಟಿದ ವೇಳೆ, ಮೇಖ್ರಿ ವೃತ್ತ ದಾಟಿದ ವೇಳೆ, ತಲುಪಿದ ವೇಳೆ. ಮಳೆ ಬಂದಿದ್ದರೆ ಒಂದು ಗುರುತು. ದೇವನಹಳ್ಳಿಯತ್ತ ಹೋಗುವವರಿಗೆ ಸಾದಹಳ್ಳಿ ಟೋಲ್‌ನ ಫಾಸ್ಟ್ಯಾಗ್ ಸಂದೇಶವೇ ವೇಳೆಯನ್ನು ನೀಡುತ್ತದೆ. ಹೀಗೆ ಹಂತಹಂತವಾಗಿ ಬರೆದಾಗ, ಸಮಯ ಸೋರಿಹೋಗುವ ಸ್ಥಳ ಕೊಡಿಗೇಹಳ್ಳಿಯೋ ಹೆಬ್ಬಾಳವೋ ಎಂಬುದು ತಾನಾಗಿ ತಿಳಿಯುತ್ತದೆ.

ಅಂಕಿ ಅಂಶ ಕೈಯಲ್ಲಿದ್ದರೆ

ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ಕೇಬಲ್ ದೋಷದಿಂದಾಗಿ 2021ರ ಡಿಸೆಂಬರ್‌ನಲ್ಲಿ ಮುಚ್ಚಲಾಯಿತು. ಲಘು ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಭಾರೀ ವಾಹನಗಳು 2024ರ ಜುಲೈವರೆಗೆ ಕಾಯಬೇಕಾಯಿತು. ಈ ಎರಡೂವರೆ ವರ್ಷಗಳಲ್ಲಿ ತಮಗಾದ ನಷ್ಟವೆಷ್ಟೆಂದು ದಾಖಲೆ ಸಹಿತ ಹೇಳಬಲ್ಲವರು ನನ್ನ ಕಕ್ಷಿದಾರರಲ್ಲಿ ಒಬ್ಬರೂ ಇಲ್ಲ. 2025ರ ಆಗಸ್ಟ್‌ನಲ್ಲಿ ಹೆಬ್ಬಾಳದಲ್ಲಿ ಕೆ.ಆರ್.ಪುರದ ಕಡೆಯಿಂದ ಮೇಖ್ರಿ ವೃತ್ತದತ್ತ ಹೊಸ ಲೂಪ್ ತೆರೆಯಿತು. ಅದರಿಂದಾದ ಉಳಿತಾಯವನ್ನು ತಿಳಿಯಲೂ ಹಿಂದಿನ ದಾಖಲೆ ಇರಬೇಕು.

ಸಂಚಾರ ಪೊಲೀಸರಿಗಾಗಲಿ, 2022ರ ಕಾಯ್ದೆಯಡಿ ರೂಪುಗೊಂಡ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕಾಗಲಿ ಮನವಿ ಸಲ್ಲಿಸುವಾಗ ‘ತುಂಬಾ ತೊಂದರೆಯಾಗಿದೆ’ ಎಂದರೆ ಅದು ಕಡತ ಸೇರುತ್ತದೆ. ಇಪ್ಪತ್ತು ಘಟಕಗಳ ಮೂರು ತಿಂಗಳ ವೇಳೆಯ ಪಟ್ಟಿಯನ್ನು ಲಗತ್ತಿಸಿದರೆ ಸಿಗ್ನಲ್‌ನ ಅವಧಿ, ಸರಕು ವಾಹನಗಳ ಪ್ರವೇಶದ ವೇಳೆ ಇವುಗಳ ಬಗ್ಗೆ ನಿರ್ದಿಷ್ಟವಾಗಿ ಚರ್ಚಿಸಲು ಆಧಾರ ದೊರೆಯುತ್ತದೆ. ಕರಾರು ಮಾಡಿಕೊಳ್ಳುವಾಗ ಖರೀದಿದಾರರ ಮುಂದಿಡಲೂ ಅದೇ ಪಟ್ಟಿ ಉಪಯುಕ್ತ.

ಸದಸ್ಯ ಬಂಧುಗಳು ಮುಂದಿನ ತಿಂಗಳ ಒಂದನೆಯ ತಾರೀಖಿನಿಂದಲೇ ಈ ಖಾತೆಯನ್ನು ತೆರೆಯಲಿ ಎಂಬುದು ನನ್ನ ವಿನಂತಿ. ಇದಕ್ಕೆ ತಗಲುವ ಖರ್ಚು ಒಂದು ಪೆನ್ನು ಮಾತ್ರ.