ಅಮೃತಮಹಲ್ ಕಾವಲು

ಅಮೃತಮಹಲ್ ಕಾವಲುಗಳು ಹಳೆಯ ಮೈಸೂರು ರಾಜ್ಯದಲ್ಲಿ ಅರಮನೆಯ ಹಾಗೂ ಸೈನ್ಯದ ರಾಸುಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳು. ಇವು ಇಂದಿನ ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿವೆ. ಉಳುಮೆಗೆ ಒಳಪಡದೆ ಕಾವಲಿನಲ್ಲಿರುವ ನೆಲವಾದ್ದರಿಂದ ‘ಕಾವಲು’ ಎಂಬ ಹೆಸರು ಬಂದಿದೆ.

ಇತಿಹಾಸ

ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1672–1704) ರಾಸುಗಳ ಪಾಲನೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ವ್ಯವಸ್ಥೆಗೊಳಿಸಿದರು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಫಿರಂಗಿ ಮತ್ತು ಸರಂಜಾಮುಗಳನ್ನು ವೇಗವಾಗಿ ಎಳೆಯುತ್ತಿದ್ದ ಈ ಎತ್ತುಗಳು ಹೈದರಾಲಿಯ ಸೈನ್ಯದ ಬಲವಾಗಿದ್ದವು. 1799ರ ನಂತರ ಬ್ರಿಟಿಷರೂ ಇವುಗಳನ್ನು ಬಳಸಿಕೊಂಡರು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಹಿಂಡುಗಳನ್ನು ಮಾರಲಾಯಿತು. ಕೊರತೆ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲಾಯಿತು. 1882ರಲ್ಲಿ ಅವು ಮೈಸೂರು ಸರ್ಕಾರದ ವಶಕ್ಕೆ ಬಂದವು.

ಮೇಯಿಸುವ ಪದ್ಧತಿ

ಕಾವಲುಗಳನ್ನು ಬೇಸಿಗೆ, ಮಳೆಗಾಲ ಹಾಗೂ ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಕೆರೆಯ ನೀರು ಮತ್ತು ಮರಗಳ ನೆರಳು ಇರುವ ನೆಲ ಬೇಸಿಗೆಗೆ ಮೀಸಲು. ಋತು ಬದಲಾದಂತೆ ಹಿಂಡು ಮುಂದಿನ ಕಾವಲಿಗೆ ಸಾಗುತ್ತಿತ್ತು. ಹಿಂದಿನ ನೆಲದಲ್ಲಿ ಹುಲ್ಲು ಮರಳಿ ಚಿಗುರಲು ಕಾಲಾವಕಾಶ ದೊರೆಯುತ್ತಿತ್ತು. ಬಯಲಿನಲ್ಲೇ ಬೆಳೆದ ಕರುಗಳು ಅರೆಕಾಡು ಸ್ವಭಾವದವು. ಅವುಗಳನ್ನು ಹಿಡಿದು, ಪಳಗಿದ ಎತ್ತಿನ ಜೊತೆಗೆ ಕಟ್ಟಿ ಕೆಲಸಕ್ಕೆ ಒಗ್ಗಿಸಲಾಗುತ್ತಿತ್ತು.

ತಳಿ

ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ರಾಸುಗಳಿಂದ ಈ ತಳಿ ರೂಪುಗೊಂಡಿತು. ಬೂದು ಮೈಬಣ್ಣ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ನೀಳ ಕೊಂಬು ಇದರ ಲಕ್ಷಣ, ಹಾಲು ಕಡಿಮೆ. ಕೋಲಾರ, ಮಾಲೂರು, ಮಾಸ್ತಿ ಸೀಮೆಯಲ್ಲಿ ಇದರ ಬಂಧುವಾದ ಹಳ್ಳಿಕಾರ್ ತಳಿಯನ್ನು ರೈತರು ಮನೆಯ ಕೊಟ್ಟಿಗೆಯಲ್ಲೇ ಸಾಕುತ್ತಾರೆ. ಮುಳಬಾಗಿಲು ತಾಲ್ಲೂಕಿನ ಆವನಿಯ ದನಗಳ ಜಾತ್ರೆ ಅಲ್ಲಿನ ಪ್ರಸಿದ್ಧ ಮಾರುಕಟ್ಟೆ.

ದನಗಾಹಿ ಪರಂಪರೆ

ಚಳ್ಳಕೆರೆ ಸೀಮೆಯ ಮ್ಯಾಸಬೇಡರು ‘ದೇವರ ಎತ್ತು’ಗಳ ಹಿಂಡುಗಳನ್ನು ಸಾಕುತ್ತಾರೆ. ಇವುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಾಯುವವರನ್ನು ‘ಕಿಲಾರಿ’ ಎನ್ನುತ್ತಾರೆ. ಮೆಕ್ಸಿಕೋದ ವಾಕೆರೋಗಳು ಕುದುರೆಯೇರಿ, ಹಗ್ಗದ ಕುಣಿಕೆ ಬೀಸಿ ದನ ಹಿಡಿಯುವರು. ಅಮೆರಿಕದ ಕೌಬಾಯ್ ಪರಂಪರೆಗೆ ಅವರೇ ಮೂಲ. ಕಿಲಾರಿಯಾದರೋ ಕಾಲ್ನಡಿಗೆಯಲ್ಲೇ ಹಿಂಡಿನೊಡನೆ ಸಾಗುವವನು. ಎರಡೂ ಕಡೆ ಬದುಕು ನಿಂತಿರುವುದು ತೆರೆದ ಹುಲ್ಲುಗಾವಲಿನ ಮೇಲೆ.

ಇಂದಿನ ಸ್ಥಿತಿ

ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರವು ಅಮೃತಮಹಲ್ ರಾಸುಗಳನ್ನು ಉಳಿಸಿಕೊಂಡು ಬಂದಿದೆ. ಅದರ ಹೋರಿಕರುಗಳನ್ನು ಬೀರೂರಿನಲ್ಲಿ ಹರಾಜು ಹಾಕಲಾಗುತ್ತದೆ. ಆದರೆ ಸಾಗುವಳಿ, ನೆಡುತೋಪು ಮತ್ತು ಒತ್ತುವರಿಯಿಂದ ಕಾವಲುಗಳು ಬಹಳ ಕುಗ್ಗಿವೆ. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಮಾರು 10,000 ಎಕರೆ ಕಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಮೇವಿಗಾಗಿ ಅದನ್ನೇ ನಂಬಿದ್ದ ಗ್ರಾಮಸ್ಥರು ಇದನ್ನು ವಿರೋಧಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳ ರಕ್ಷಣೆಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಕಂದಾಯ ದಾಖಲೆಯ ಕಣ್ಣಿಗೆ ಪಾಳುಭೂಮಿಯಂತೆ ತೋರುವ ಈ ನೆಲ ರಾಸು, ವನ್ಯಜೀವಿ ಹಾಗೂ ದನಗಾಹಿಗಳ ಸಮಾನ ಆಸರೆಯಾಗಿದೆ.